ಬೆಟ್ಟದೊಳಗಿನ ಕೋಟೆಗಳು: ಸ್ವಿಟ್ಜರ್ಲೆಂಡಿನ ಸೇನಾ ಸುರಂಗ ಸಂಗ್ರಹಾಲಯಗಳ ವಿಮರ್ಶೆ

ಬೆಲ್ಲಿಂಜೋನಾದ ಮೂರು ಕೋಟೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾಸ್ಟೆಲ್‌ಗ್ರಾಂಡೆ, ಮೊಂಟೆಬೆಲ್ಲೊ, ಸಾಸ್ಸೊ ಕೊರ್ಬಾರೊ ಎಂಬ ಹೆಸರಿನ ಆ ಕೋಟೆಗಳು ಊರು ತಲುಪಿದ ಕೂಡಲೇ ಕಣ್ಣಿಗೆ ಬೀಳುತ್ತವೆ. 2000ದಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಸ್ವಿಟ್ಜರ್ಲೆಂಡಿನ ಕೋಟೆ ಎಂದರೆ ಅವೇ ಎಂಬಷ್ಟು ಪ್ರಸಿದ್ಧವಾಗಿವೆ. ಆದರೆ ಅಲ್ಲಿಂದ ಉತ್ತರಕ್ಕೆ, ಗೋಟ್ಹಾರ್ಡ್ ಕಣಿವೆಯತ್ತ ಏರುತ್ತ ಹೋದಂತೆ, ದಾರಿಯ ಎರಡೂ ಬದಿಯ ಬಂಡೆಗಳ ಒಳಗೆ ಯಾರ ಕಣ್ಣಿಗೂ ಬೀಳಬಾರದೆಂದೇ ಕೊರೆದ ಇನ್ನೊಂದು ಕೋಟೆಗಳ ಲೋಕವಿದೆ. ಹಲವು ದಶಕಗಳ ಕಾಲ ಅವುಗಳ ಇರವನ್ನೇ ಸೇನೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಶೀತಲ ಸಮರ ಮುಗಿದ ಮೇಲೆ ಬಳಕೆಯಿಂದ ತೆಗೆದುಹಾಕಿದ ಅಂಥ ಕೆಲವು ಕೋಟೆಗಳನ್ನು ಪ್ರತಿಷ್ಠಾನಗಳೂ ಸ್ಥಳೀಯ ಸಂಘಗಳೂ ವಹಿಸಿಕೊಂಡು ಸಂಗ್ರಹಾಲಯಗಳಾಗಿ ತೆರೆದಿವೆ. ಹಿಮಶಿಖರ, ಸರೋವರ, ರೈಲು ಪ್ರಯಾಣ ಎಂದು ಪಟ್ಟಿ ಮಾಡಿಕೊಂಡು ಆ ದೇಶಕ್ಕೆ ಹೋಗುವವರು ಒಂದು ದಿನವನ್ನಾದರೂ ಇವುಗಳಿಗೆ ಎತ್ತಿಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವುದಕ್ಕೆ ಎತ್ತಿಡಬೇಕು, ಏಕೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಇಂಥ ಸ್ಥಳಗಳನ್ನು ಅಳೆಯುವಾಗ ಫಿರಂಗಿಯ ಬಾಯಿ ಎಷ್ಟು ಅಗಲ, ಸುರಂಗ ಎಷ್ಟು ಉದ್ದ ಎಂದು ನೋಡುವುದು ರೂಢಿ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೇರೆ. ಕೋಟೆಯೆಂದರೆ ಒಳಗೆ ಯಾರು ಇರಬೇಕು, ಹೊರಗೆ ಯಾರು ಉಳಿಯಬೇಕು ಎಂಬುದನ್ನು ತೀರ್ಮಾನಿಸಿಯೇ ಕಟ್ಟಿದ ವಸ್ತು. ಆ ತೀರ್ಮಾನವನ್ನು ನೋಡುಗನ ಮುಂದೆ ಬಿಚ್ಚಿಡುವ ಸಂಗ್ರಹಾಲಯ ಒಳ್ಳೆಯದು. ಅದನ್ನು ಮುಚ್ಚಿಟ್ಟು ಎಣ್ಣೆ ಹಚ್ಚಿ ಹೊಳೆಯಿಸಿದ ಯಂತ್ರಗಳನ್ನು ಮಾತ್ರ ತೋರಿಸುವ ಸಂಗ್ರಹಾಲಯ ಎಷ್ಟೇ ದೊಡ್ಡದಾಗಿದ್ದರೂ ಅರೆಬರೆಯದೇ. ಸ್ವಿಟ್ಜರ್ಲೆಂಡಿನ ವಿಷಯದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಅದು ತಿಳಿಯಬೇಕಾದರೆ ಸ್ವಲ್ಪ ಇತಿಹಾಸ ಬೇಕು.

ಗೋಟ್ಹಾರ್ಡ್ ಬೆಟ್ಟವನ್ನು ಸೀಳಿ ಹದಿನೈದು ಕಿಲೋಮೀಟರ್ ಉದ್ದದ ರೈಲು ಸುರಂಗ ತೆರೆದದ್ದು 1882ರಲ್ಲಿ. ಅದೇ ವರ್ಷ ಇಟಲಿಯು ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿಗಳ ಜೊತೆ ಮೈತ್ರಿ ಮಾಡಿಕೊಂಡಿತು. ವ್ಯಾಪಾರಕ್ಕೆಂದು ತೆರೆದ ಬಾಗಿಲಿನಲ್ಲಿ ಸೈನ್ಯವೂ ನುಗ್ಗಬಹುದೆಂಬ ಭಯ ಆಗಲೇ ಹುಟ್ಟಿತು. ಸುರಂಗದ ದಕ್ಷಿಣ ಬಾಯಿಯನ್ನು ಕಾಯಲು ಐರೋಲೊ ಊರಿನ ಮೇಲೆ 1887ರಿಂದ 1890ರವರೆಗೆ ಕಟ್ಟಿದ ಕೋಟೆ ಆ ಭಯದ ಮೊದಲ ಫಲ. ರೋನ್ ನದಿಯ ಕಣಿವೆ ಕುತ್ತಿಗೆಯಂತೆ ಕಿರಿದಾಗುವ ಸಾಂ-ಮೋರೀಸ್‌ನಲ್ಲಿ 1890ರ ದಶಕದಲ್ಲಿ ಸಾವತಾಂ ಮತ್ತು ದೈಯಿ ಕೋಟೆಗಳು ಎದ್ದವು. ಮುಂದೆ ಪೂರ್ವದಲ್ಲಿ ಸಾರ್ಗಾನ್ಸ್ ಕೋಟೆಯೂ ಸೇರಿ ಇವು ಆಲ್ಪ್ಸ್ ಬೆಟ್ಟಗಳ ರಕ್ಷಣೆಯ ಮೂರು ಮೂಲೆಗಳಾದವು.

1939ರ ಆಗಸ್ಟ್ 30ರಂದು ಸಂಸತ್ತು ಹೆನ್ರಿ ಗೀಸಾನ್ ಅವರನ್ನು ಜನರಲ್ ಆಗಿ ಆರಿಸಿತು. ಸುಮಾರು 42 ಲಕ್ಷ ಜನರಿದ್ದ ದೇಶ ಎರಡನೆಯ ಮಹಾಯುದ್ಧದ ಮೊದಲ ದಿನಗಳಲ್ಲಿಯೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಸೇನೆಗೆ ಕರೆದುಕೊಂಡಿತು. 1940ರ ಜೂನ್‌ನಲ್ಲಿ ಫ್ರಾನ್ಸ್ ಕುಸಿದ ಮೇಲೆ ಬಹುತೇಕ ನಾಲ್ಕೂ ದಿಕ್ಕಿನಲ್ಲಿ ಜರ್ಮನಿ, ಇಟಲಿ ಅಥವಾ ಅವುಗಳ ಹಿಡಿತದ ನೆಲವೇ ಸುತ್ತುವರಿದಿತ್ತು. ಆ ಜುಲೈ 25ರಂದು ಗೀಸಾನ್ ತಮ್ಮ ಹಿರಿಯ ಅಧಿಕಾರಿಗಳನ್ನು ‘ಶ್ಟಾಟ್ ಲುತ್ಸೆರ್ನ್’ ಎಂಬ ಆವಿಹಡಗಿನಲ್ಲಿ ಲುತ್ಸೆರ್ನ್ ಸರೋವರದ ದಡದ ರ‍್ಯೂಟ್ಲಿ ಹುಲ್ಲುಗಾವಲಿಗೆ ಕರೆಸಿ, ಗಡಿಯನ್ನೂ ಬಯಲು ನಾಡನ್ನೂ ತೆಳುವಾಗಿ ಕಾದು ಸೈನ್ಯದ ಮುಖ್ಯಭಾಗವನ್ನು ಆಲ್ಪ್ಸ್ ಬೆಟ್ಟಗಳೊಳಗೆ ಸೇರಿಸುವ ಯೋಜನೆಯನ್ನು ಮುಂದಿಟ್ಟರು. ಫ್ರೆಂಚರ ಮಾತಿನಲ್ಲಿ ರೆದ್ವಿ ಎಂದು ಹೆಸರಾದ ಆ ಯೋಜನೆಯನ್ನು ನಾವು ಒಳಕೋಟೆ ಎಂದು ಕರೆಯಬಹುದು. ಶತ್ರು ಬಂದರೆ ಗೋಟ್ಹಾರ್ಡ್ ಮತ್ತು ಸಿಂಪ್ಲಾನ್ ರೈಲು ಸುರಂಗಗಳನ್ನು ಸಿಡಿಸಿ, ಜರ್ಮನಿಗೂ ಇಟಲಿಗೂ ನಡುವಿನ ದಾರಿಯನ್ನೇ ಇಲ್ಲವಾಗಿಸುತ್ತೇವೆ. ಗೆದ್ದರೂ ನಿಮಗೆ ಸಿಗುವುದು ಮುರಿದ ಬೆಟ್ಟ ಮಾತ್ರ ಎಂಬುದು ಅದರ ಹಿಂದಿದ್ದ ಎಚ್ಚರಿಕೆ. ಜರ್ಮನ್ ಸೇನೆ ಸ್ವಿಟ್ಜರ್ಲೆಂಡಿನ ಮೇಲೆ ದಾಳಿಗೆ ಯೋಜನೆಗಳನ್ನು ತಯಾರಿಸಿದ್ದೇನೋ ನಿಜ. ಅವು ಕಾಗದದಲ್ಲಿಯೇ ಉಳಿದವು.

ಈ ಯೋಜನೆಯ ಕಹಿಯಾದ ಅರ್ಥ ನಕ್ಷೆಯನ್ನು ನೋಡಿದ ಯಾರಿಗಾದರೂ ತಿಳಿಯುತ್ತದೆ. ಜ್ಯೂರಿಕ್, ಬಾಸೆಲ್, ಜಿನೀವಾ, ಲೊಸಾನ್ ಎಲ್ಲವೂ ಬೆಟ್ಟದ ಹೊರಗೆ. ದೇಶದ ಬಹುಪಾಲು ಜನ, ಬಹುಪಾಲು ಕಾರ್ಖಾನೆ, ಸೈನಿಕರ ಸ್ವಂತ ಮನೆಮಂದಿ ಎಲ್ಲರೂ ಬಯಲಿನಲ್ಲಿ. ಕೋಟೆಯೊಳಗೆ ಫಿರಂಗಿಗೆ ಗುಂಡು ತುಂಬುವ ಮನುಷ್ಯ ತನ್ನ ಹೆಂಡತಿ ಮಕ್ಕಳನ್ನು ಹೊರಗೆ ಬಿಟ್ಟು ಬಂದವನು. ನಾನು ನೋಡಿದ ಪ್ರತಿಯೊಂದು ಸುರಂಗದಲ್ಲಿಯೂ ಈ ಮಾತನ್ನು ಎಷ್ಟರ ಮಟ್ಟಿಗೆ ಹೇಳಿದ್ದಾರೆ ಎಂದು ಹುಡುಕಿದ್ದೇನೆ.

ಮೊದಲು ಎಲ್ಲಕ್ಕಿಂತ ಹೆಸರಾದ ಸಾಸ್ಸೊ ಸಾನ್ ಗೊಟ್ಟಾರ್ಡೊ. ಸಮುದ್ರಮಟ್ಟದಿಂದ 2,100 ಮೀಟರ್ ಎತ್ತರದ ಗೋಟ್ಹಾರ್ಡ್ ಕಣಿವೆದಾರಿಯ ನೆತ್ತಿಯಲ್ಲಿ, 1941ರಿಂದ 1945ರ ನಡುವೆ ಗ್ರಾನೈಟ್ ಕೊರೆದು ಮಾಡಿದ ಈ ಕೋಟೆಯ ಸೇನಾ ಹೆಸರು ಸಾಸ್ಸೊ ದಾ ಪಿನ್ಯಾ. ಬಾಯಿಯ ವ್ಯಾಸ 15 ಸೆಂಟಿಮೀಟರ್ ಇರುವ ನಾಲ್ಕು ಫಿರಂಗಿಗಳು ಇದರ ಮುಖ್ಯ ಆಯುಧ. 2012ರಲ್ಲಿ ಇದು ಸಂಗ್ರಹಾಲಯವಾಗಿ ತೆರೆಯಿತು. ಒಳಹೊಕ್ಕ ಮೇಲೆ ಮೊದಲ ಭಾಗ ಕೋಟೆಗೆ ಸಂಬಂಧಪಟ್ಟದ್ದಲ್ಲ: ಮದ್ದುಗುಂಡು ತುಂಬಿಡುತ್ತಿದ್ದ ಕೋಣೆಗಳಲ್ಲಿ ನೀರು, ಹವಾಮಾನ, ಸಂಚಾರ, ಇಂಧನ, ಭದ್ರತೆ ಮುಂತಾದ ವಿಷಯಗಳ ಪ್ರದರ್ಶನಗಳನ್ನು ಇಟ್ಟಿದ್ದಾರೆ. ಅವುಗಳ ಜೊತೆಗೆ ಪ್ಲಾಂಗೆನ್‌ಸ್ಟಾಕ್ ಬೆಟ್ಟದಲ್ಲಿ ಸಿಕ್ಕ ದೈತ್ಯ ಸ್ಫಟಿಕಗಳಿವೆ. ಮನುಷ್ಯನ ತೋಳಿಗಿಂತ ದಪ್ಪನಾದ, ನೀರಿನಷ್ಟು ತಿಳಿಯಾದ ಆ ಸ್ಫಟಿಕದ ಗೊಂಚಲುಗಳು ಕಣ್ಣು ಕೀಳಲಾಗದಷ್ಟು ಸುಂದರವಾಗಿವೆ. ಬೆಟ್ಟದ ಒಡಲಲ್ಲಿ ಮನುಷ್ಯ ಬಚ್ಚಿಟ್ಟ ಮದ್ದಿನ ಜಾಗದಲ್ಲಿ ಬೆಟ್ಟ ತಾನೇ ಬೆಳೆಸಿದ್ದನ್ನು ತಂದಿಟ್ಟ ಆಲೋಚನೆ ನನಗೆ ಬಹಳ ಹಿಡಿಸಿತು. ಉಳಿದ ವಿಷಯಗಳ ಪ್ರದರ್ಶನಗಳ ಬಗ್ಗೆ ಅದೇ ಉತ್ಸಾಹ ನನಗಿಲ್ಲ. ಹವಾಮಾನದ ಬಗ್ಗೆಯೋ ಇಂಧನದ ಬಗ್ಗೆಯೋ ತಿಳಿಯಲು ಎರಡು ಸಾವಿರ ಮೀಟರ್ ಏರಿ ಬರಬೇಕಾದ ಅಗತ್ಯ ಕಾಣಲಿಲ್ಲ.

ಹಳೆಯ ಕೋಟೆಯ ಭಾಗ ಮೇಲಿನ ಹಂತದಲ್ಲಿದೆ. ಅಲ್ಲಿಗೆ ಸೈನಿಕರು ಸಾಮಾನು ಸಾಗಿಸಲು ಬಳಸುತ್ತಿದ್ದ, ಹಗ್ಗದಿಂದ ಎಳೆಯುವ ಇಳಿಜಾರು ರೈಲೊಂದು ಬೆಟ್ಟದ ಒಳಗೇ ಓಡುತ್ತದೆ. ಇಲ್ಲಿಂದ ಮುಂದೆ ಈ ಸಂಗ್ರಹಾಲಯ ತನ್ನ ನಿಜವಾದ ಶಕ್ತಿಯನ್ನು ತೋರಿಸುತ್ತದೆ. ಮಲಗುವ ಕೋಣೆ, ಅಡುಗೆಮನೆ, ಶುಶ್ರೂಷಾ ಕೋಣೆ, ಗುಂಡು ಹಾರಿಸುವ ದಿಕ್ಕು ದೂರಗಳ ಲೆಕ್ಕ ಹಾಕುತ್ತಿದ್ದ ಕೋಣೆ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಫಿರಂಗಿಯ ಹಿಂದೆ ನಿಂತಾಗ ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಗಾತ್ರವಾಗಿರಲಿಲ್ಲ. ಆ ಫಿರಂಗಿಯನ್ನು ನಡೆಸುವವನಿಗೆ ಹೊರಗಿನ ಬೆಟ್ಟವೇ ಕಾಣುವುದಿಲ್ಲ. ಗುರಿಯನ್ನು ದೂರದಲ್ಲೆಲ್ಲೋ ಬಂಡೆಯ ಮರೆಯಲ್ಲಿ ಕುಳಿತ ವೀಕ್ಷಕ ನೋಡುತ್ತಾನೆ, ಅವನ ಮಾತು ಟೆಲಿಫೋನಿನಲ್ಲಿ ಲೆಕ್ಕದ ಕೋಣೆಗೆ ಬರುತ್ತದೆ, ಅಲ್ಲಿಂದ ಅಂಕಿಗಳು ಮಾತ್ರ ಫಿರಂಗಿಯ ಬಳಿಗೆ ಬರುತ್ತವೆ. ಗುಂಡು ಹೊತ್ತವನಿಗೆ ಯುದ್ಧವೆಂದರೆ ಅಂಕಿ, ಹೊಗೆ ಮತ್ತು ಸದ್ದು. ಇದನ್ನು ವಿವರಿಸಲು ಇಲ್ಲಿ ಉದ್ದುದ್ದ ಫಲಕಗಳಿಲ್ಲ. ಕೋಣೆಗಳು ಇರುವ ಕ್ರಮದಲ್ಲಿಯೇ ನಡೆದು ಹೋದರೆ ತಾನಾಗಿ ಅರ್ಥವಾಗುತ್ತದೆ.

ಕೊರತೆಯೆಂದರೆ, ಬಯಲಿನಲ್ಲಿ ಉಳಿದ ಜನರ ಮಾತು ಇಲ್ಲಿ ಸಾಲದು. ಕಟ್ಟಿದವರ ಶ್ರಮ, ಕಾದವರ ಶಿಸ್ತು ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. ಅವರು ಬಿಟ್ಟು ಬಂದದ್ದು ಇಳಿಯುವುದಿಲ್ಲ. ಅಷ್ಟು ಎತ್ತರದಲ್ಲಿ, ಅಷ್ಟು ದೊಡ್ಡ ಸುರಂಗಜಾಲದಲ್ಲಿ ನಡೆಯುವಾಗ ಯಾರಿಗಾದರೂ ಬೆಟ್ಟವೇ ಗೆದ್ದಿತೆಂಬ ಭಾವನೆ ಬರುವುದು ಸಹಜ. ಆ ಭಾವನೆಯನ್ನು ಪ್ರಶ್ನಿಸುವ ಒಂದು ಕೋಣೆ ಇದ್ದಿದ್ದರೆ ಈ ಸಂಗ್ರಹಾಲಯಕ್ಕೆ ಸರಿಸಾಟಿಯಾದದ್ದು ಯುರೋಪಿನಲ್ಲಿಯೇ ವಿರಳವಾಗುತ್ತಿತ್ತು.

ಕೆಳಗಿನ ಐರೋಲೊ ಕೋಟೆಯನ್ನು ಬೇಗ ಮುಗಿಸಬಹುದು. ಹತ್ತೊಂಬತ್ತನೆಯ ಶತಮಾನದ, ಕತ್ತರಿಸಿದ ಗ್ರಾನೈಟ್ ಕಲ್ಲಿನ, ಉಕ್ಕಿನ ತಿರುಗು ಗುಮ್ಮಟವಿದ್ದ ಕೋಟೆ ಅದು. ನೆಲದ ಮೇಲೆ ಕಾಣುವ ಕೊನೆಯ ತಲೆಮಾರಿನ ಕೋಟೆಗಳಿಗೆ ಸೇರಿದ ಇದನ್ನು ಸಾಸ್ಸೊ ನೋಡುವ ಮೊದಲು ನೋಡಿದರೆ, ವಿಮಾನ ಮತ್ತು ಭಾರೀ ಫಿರಂಗಿಗಳು ಬಂದ ಮೇಲೆ ಕೋಟೆಗಳು ಏಕೆ ಬಂಡೆಯೊಳಗೆ ಹೊಕ್ಕವು ಎಂಬುದು ಹೇಳದೆಯೇ ತಿಳಿಯುತ್ತದೆ. ಮಾರ್ಗದರ್ಶಕರೊಂದಿಗೆ ಮಾತ್ರ ನೋಡುವ ಜಾಗವಾದ್ದರಿಂದ ಮುಂಚಿತವಾಗಿ ಸಮಯ ಕೇಳಿಕೊಂಡು ಹೋಗುವುದು ಒಳ್ಳೆಯದು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಚಿಕ್ಕದೊಂದು ಕೋಟೆ: ಲುತ್ಸೆರ್ನ್ ಸರೋವರದ ದಡದಲ್ಲಿ, ನಿಡ್ವಾಲ್ಡನ್ ಪ್ರಾಂತ್ಯದ ಶ್ಟಾನ್ಸ್‌ಶ್ಟಾಟ್ ಊರಿಗೆ ಅಂಟಿಕೊಂಡಿರುವ ಫ್ಯೂರಿಗನ್. 1941 ಮತ್ತು 42ರಲ್ಲಿ ಕಟ್ಟಿದ ಇದರಲ್ಲಿ ಇರುವುದು 7.5 ಸೆಂಟಿಮೀಟರಿನ ಎರಡು ಫಿರಂಗಿಗಳು ಮತ್ತು ಕೆಲವು ಮೆಷಿನ್ ಗನ್‌ಗಳು ಮಾತ್ರ. ಬಯಲಿನಿಂದ ಬೆಟ್ಟದ ಒಳನಾಡಿಗೆ ಹೋಗುವ ಇಕ್ಕಟ್ಟಾದ ದಾರಿಯೊಂದನ್ನು ಕಾಯುವುದು ಇದರ ಕೆಲಸವಾಗಿತ್ತು. 1991ರಿಂದ ಇದು ಸಂಗ್ರಹಾಲಯ. ಪ್ರಾಂತ್ಯದ ವಸ್ತುಸಂಗ್ರಹಾಲಯವೇ ನಡೆಸುತ್ತದೆ. ರಸ್ತೆಯ ಬದಿಯಲ್ಲಿ ಸಾಮಾನ್ಯವಾದ ಬಾಗಿಲೊಂದು, ಅದರ ಹಿಂದೆ ಮಂದ ಬೆಳಕಿನ ಸುರಂಗ. ಒಳಗೆ ಬಂದವರಿಗೆ ಎದುರಾಗುವ ಮೊದಲ ವಸ್ತು ಬಾಗಿಲ ಕಡೆಗೇ ಬಾಯಿ ತಿರುಗಿಸಿಕೊಂಡ ಬಂದೂಕಿನ ಕಿಂಡಿ. ನುಗ್ಗಿದ ಶತ್ರುವಿಗೆ ನೇರವಾದ ದಾರಿ ಸಿಗದಂತೆ, ಸ್ಫೋಟದ ರಭಸ ಒಳಕ್ಕೆ ಹರಿಯದಂತೆ ಸುರಂಗವನ್ನು ಸೊಟ್ಟಗೆ ತಿರುಗಿಸಿರುವುದು ಇಂಥ ಎಲ್ಲ ಕೋಟೆಗಳ ಲಕ್ಷಣ. ಇಲ್ಲಿ ಎಲ್ಲವೂ ಪುಟ್ಟದಾಗಿರುವುದರಿಂದ ಆ ಉಪಾಯಗಳು ಕೈಗೆಟುಕುವಂತೆ ಕಾಣುತ್ತವೆ.

ವಿಷಾನಿಲದ ಭಯದಿಂದ ಮಾಡಿದ ಏರ್ಪಾಡನ್ನೇ ತೆಗೆದುಕೊಳ್ಳೋಣ. ಒಂದರ ಹಿಂದೊಂದು ಎರಡು ಬಾಗಿಲು, ಗಾಳಿಯನ್ನು ಸೋಸುವ ಯಂತ್ರ, ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಇಟ್ಟು ಬಿರುಕುಗಳ ಮೂಲಕ ಅನಿಲ ನುಸುಳದಂತೆ ನೋಡಿಕೊಳ್ಳುವ ವ್ಯವಸ್ಥೆ. ದೊಡ್ಡ ಕೋಟೆಗಳಲ್ಲಿ ಇದು ಯಂತ್ರಕೋಣೆಯೊಂದರ ವಿವರವಾಗಿ ಕಳೆದುಹೋಗುತ್ತದೆ. ಫ್ಯೂರಿಗನ್‌ನಲ್ಲಿ ಅದೇ ಯಂತ್ರದ ಪಕ್ಕದಲ್ಲಿಯೇ ಮಲಗಿ ಎದ್ದವರ ಬದುಕು ಕಣ್ಣ ಮುಂದೆ ಬರುತ್ತದೆ. ಪಾಳಿಯ ಮೇಲೆ ಒಂದೇ ಹಾಸಿಗೆಯಲ್ಲಿ ಬೇರೆ ಬೇರೆಯವರು ಮಲಗುವುದು, ಗೋಡೆಯಿಂದ ಸದಾ ಜಿನುಗುವ ತೇವ, ಬಟ್ಟೆ ಒಣಗದ ವಾಸನೆ, ಹಗಲು ರಾತ್ರಿಗಳ ವ್ಯತ್ಯಾಸವನ್ನೇ ಅಳಿಸಿಬಿಡುವ ಒಂದೇ ಬಗೆಯ ಬಲ್ಬಿನ ಬೆಳಕು. ಇಷ್ಟನ್ನು ಅನುಭವಿಸಿ ಹೊರಬಂದರೆ ಎದುರಿಗೆ ತಕ್ಷಣವೇ ಸರೋವರ, ಅದರಾಚೆಗೆ ಜನವಸತಿಯ ದಡ. ಕೋಟೆ ಕಾಯುತ್ತಿದ್ದದ್ದು ತನ್ನ ಹಿಂದಿನ ಬೆಟ್ಟವನ್ನು, ಎದುರಿನ ಆ ಊರುಗಳನ್ನಲ್ಲ ಎಂಬುದು ಬಾಗಿಲಿನಲ್ಲಿ ನಿಂತಾಗಲೇ ಅರಿವಾಗುತ್ತದೆ. ಯಾವ ಫಲಕವೂ ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಲಾರದು. ಅಳತೆ ಮೀರದಿರುವುದೇ ಈ ಸಂಗ್ರಹಾಲಯದ ಹೆಚ್ಚುಗಾರಿಕೆ. ಒಂದು ಗಂಟೆ ಸಾಕು, ಮತ್ತು ಆ ಒಂದು ಗಂಟೆಯಲ್ಲಿ ವ್ಯರ್ಥವಾದ ನಿಮಿಷವಿಲ್ಲ.

ಪಶ್ಚಿಮದ ಸಾಂ-ಮೋರೀಸ್‌ಗೆ ಹೋಗುವವರು ಸ್ವಲ್ಪ ಹೆಚ್ಚಿನ ಸಮಯವಿಟ್ಟುಕೊಂಡು ಹೋಗಬೇಕು. ರೋನ್ ನದಿಯ ಎರಡೂ ಬದಿಗೆ ಬಂಡೆಯ ಗೋಡೆಗಳು ಒತ್ತರಿಸಿ ಬರುವ ಈ ಜಾಗದ ಮಹತ್ವ ಹೊಸದಲ್ಲ. ಇಲ್ಲಿನ ಕ್ರೈಸ್ತ ಮಠ ಸ್ಥಾಪನೆಯಾದದ್ದು 515ರಲ್ಲಿ, ಆಧುನಿಕ ಕೋಟೆಗಳ ಮೊದಲ ಹಂತ ಎದ್ದದ್ದು 1830ರ ದಶಕದಲ್ಲಿ. ಊರಿನ ಮೇಲಿನ ಬಂಡೆಯಲ್ಲಿ ‘ಯಕ್ಷಿಣಿಯರ ಗುಹೆ’ ಎಂಬ ನೈಸರ್ಗಿಕ ಗುಹೆಯಿದೆ. ಹತ್ತೊಂಬತ್ತನೆಯ ಶತಮಾನದಿಂದಲೂ ಪ್ರವಾಸಿಗರು ಬರುತ್ತಿದ್ದ ಆ ಗುಹೆಯ ಪಕ್ಕದಲ್ಲಿಯೇ, ಅದೇ ಬಂಡೆಯಲ್ಲಿ, 1911ರ ಹೊತ್ತಿಗೆ ಸೆ ಕೋಟೆಯನ್ನೂ 1940ರ ದಶಕದಲ್ಲಿ ಸಿಂದೆ ಕೋಟೆಯನ್ನೂ ಕೊರೆದರು. ಇಂದು ಗುಹೆಯನ್ನು ನೋಡಿ, ಒಳಗಿನ ಜಲಪಾತದ ಮುಂದೆ ನಿಂತು, ಆಮೇಲೆ ಸಿಂದೆ ಕೋಟೆಯ ಸುರಂಗಗಳಿಗೆ ಮಾರ್ಗದರ್ಶಕರ ಜೊತೆ ಹೋಗಬಹುದು. ನೀರು ಸಾವಿರಾರು ವರ್ಷ ತೆಗೆದುಕೊಂಡು ಕೊರೆದ ದಾರಿಯಿಂದ ಡೈನಮೈಟಿನಿಂದ ಕೆಲವೇ ವರ್ಷಗಳಲ್ಲಿ ಕೊರೆದ ದಾರಿಗೆ ದಾಟುವ ಆ ಅನುಭವ ಬೇರೆಲ್ಲಿಯೂ ಸಿಗುವಂಥದ್ದಲ್ಲ. ನೈಸರ್ಗಿಕ ಗುಹೆಯ ಗೋಡೆ ನುಣುಪಾಗಿ ಬಳುಕುತ್ತದೆ. ಸೇನೆಯ ಸುರಂಗದ ಗೋಡೆಯಲ್ಲಿ ಕೊರೆಯಂತ್ರದ ಗೆರೆಗಳು ಇನ್ನೂ ಉಳಿದಿವೆ. ಎರಡನ್ನೂ ಕೈಯಿಂದ ಮುಟ್ಟಿ ನೋಡಬೇಕು.

ಸಿಂದೆಯ ಇನ್ನೊಂದು ಗುಣವೆಂದರೆ ಅದು ಮಹಾಯುದ್ಧದ ದಿನಗಳಲ್ಲಿಯೇ ನಿಂತುಹೋಗುವುದಿಲ್ಲ. ಶೀತಲ ಸಮರದ ಕಾಲದಲ್ಲಿ ಈ ಕೋಟೆಗಳನ್ನು ಮತ್ತೆ ಮತ್ತೆ ಹೊಸದಾಗಿಸಿ, ಹೊಸ ಆಯುಧಗಳನ್ನು ಕೂರಿಸಿ, ತಲೆಮಾರಿನಿಂದ ತಲೆಮಾರಿಗೆ ಗಂಡಸರನ್ನು ವಾರ್ಷಿಕ ತರಬೇತಿಗೆಂದು ಕರೆಸುತ್ತಿದ್ದರು. ನೆಲದಡಿಯ ಈ ಇಡೀ ವ್ಯವಸ್ಥೆಯನ್ನು ತುಕ್ಕು ಹಿಡಿಯದಂತೆ ಕಾಪಾಡಲು 1942ರಲ್ಲಿ ರಚನೆಯಾದ ಕೋಟೆ ಕಾವಲು ದಳ 2003ರವರೆಗೂ ಕೆಲಸ ಮಾಡಿತು. ತಮ್ಮ ಕೆಲಸ ಎಲ್ಲಿ, ಏನು ಎಂದು ಆ ಜನ ಮನೆಯಲ್ಲಿಯೂ ಹೇಳುವಂತಿರಲಿಲ್ಲ. ಸಣ್ಣ ಊರುಗಳಲ್ಲಿ ಹಾಗೆ ಬಾಯಿ ಕಟ್ಟಿಕೊಂಡು ವರ್ಷಗಟ್ಟಲೆ ಬದುಕುವುದು ಎಂಥ ಭಾರವಿರಬಹುದೆಂದು ಯೋಚಿಸಿ ನಾನು ಬಹಳ ಹೊತ್ತು ಸುಮ್ಮನಾಗಿದ್ದೆ.

ಮರೆಮಾಚುವ ಕಲೆಯನ್ನು ನೋಡಬಯಸುವವರಿಗೆ ಬೇರೆ ಮೂರು ಜಾಗಗಳಿವೆ. ಥೂನ್ ಸರೋವರದ ಬಳಿಯ ಫೌಲೆನ್‌ಸೇ ಫಿರಂಗಿ ಕೋಟೆಯಲ್ಲಿ 10.5 ಸೆಂಟಿಮೀಟರಿನ ಫಿರಂಗಿಗಳ ಮೇಲೆ ಹಳ್ಳಿಯ ಮನೆ, ಕೊಟ್ಟಿಗೆಗಳ ವೇಷ ಹಾಕಿದ್ದಾರೆ. ಜಿನೀವಾ ಸರೋವರದ ಬಳಿಯ ಗ್ಲಾಂ ಎಂಬಲ್ಲಿ ‘ವಿಲ್ಲಾ ರೋಜ್’ ಎಂಬ ಗುಲಾಬಿ ಬಣ್ಣದ ಮನೆಯಿದೆ. ಅದರ ಕಿಟಕಿ, ಪರದೆಗಳು ಗೋಡೆಯ ಮೇಲೆ ಬರೆದ ಚಿತ್ರಗಳು, ಆ ಗೋಡೆ ದಪ್ಪ ಕಾಂಕ್ರೀಟು. ಟ್ಯಾಂಕುಗಳನ್ನು ತಡೆಯಲು ಯೂರಾ ಬೆಟ್ಟದ ತಪ್ಪಲಿನಿಂದ ಸರೋವರದವರೆಗೆ ಸುಮಾರು ಹತ್ತು ಕಿಲೋಮೀಟರ್ ಉದ್ದಕ್ಕೆ ನೆಟ್ಟ, ಟನ್‌ಗಟ್ಟಲೆ ತೂಕದ ಹಲ್ಲಿನಾಕಾರದ ಕಾಂಕ್ರೀಟ್ ದಿಮ್ಮಿಗಳ ಸಾಲಿಗೆ ಈ ಮನೆ ಕಾವಲಾಗಿತ್ತು. ಚಾಕೊಲೇಟಿನ ಹೆಸರಿನಿಂದ ‘ಟೋಬ್ಲರೋನ್ ಸಾಲು’ ಎಂದೇ ಜನ ಕರೆಯುವ ಆ ದಿಮ್ಮಿಗಳ ಗುಂಟ ಈಗ ಕಾಲುದಾರಿಯಿದೆ. ತೊರೆಯ ದಂಡೆಯಲ್ಲಿ, ಕಾಡಿನ ನೆರಳಿನಲ್ಲಿ, ಪಾಚಿ ಬೆಳೆದು ಅರ್ಧ ಮುಚ್ಚಿಹೋದ ಆ ಸಾಲಿನ ಜೊತೆಗೆ ನಡೆಯುವುದಕ್ಕೆ ಟಿಕೆಟ್ಟೂ ಇಲ್ಲ, ಸಮಯದ ಕಟ್ಟುಪಾಡೂ ಇಲ್ಲ. ಸುರಂಗದೊಳಗೆ ಉಸಿರು ಕಟ್ಟುವವರಿಗೆ ಇದು ಅತ್ಯುತ್ತಮ ಆಯ್ಕೆ.

ಮೂರನೆಯದು ವಲ್ಲೋರ್ಬ್ ಊರಿನ ಬಳಿ, ಫ್ರಾನ್ಸ್ ಗಡಿಯ ಹತ್ತಿರದ ಪ್ರೇ-ಜಿರೂ. 1937ರಿಂದ 1941ರವರೆಗೆ ಕಟ್ಟಿದ ಇದು ಒಳಕೋಟೆಯ ಯೋಜನೆಗಿಂತ ಹಿಂದಿನದು. ಗಡಿಯಲ್ಲಿಯೇ ಶತ್ರುವನ್ನು ತಡೆಯಬೇಕೆಂಬ ನಂಬಿಕೆ ಇನ್ನೂ ಜೀವಂತವಾಗಿದ್ದಾಗ ಆರಂಭವಾದದ್ದು. ಹುಲ್ಲುಗಾವಲಿನಲ್ಲಿ ನಿಂತ ಮರದ ಮನೆಯಂತೆ ಕಾಣುವ ಕಟ್ಟಡದ ಅಡಿಯಲ್ಲಿ ಕೋಟೆ ಇಳಿಯುತ್ತ ಹೋಗುತ್ತದೆ. ಇದನ್ನು ಕಟ್ಟಿ ಮುಗಿಸುವ ಹೊತ್ತಿಗೆ ದೇಶದ ರಕ್ಷಣೆಯ ಆಲೋಚನೆಯೇ ಬದಲಾಗಿ, ಸೈನ್ಯದ ಮುಖ್ಯಭಾಗ ಬಹಳ ಹಿಂದಕ್ಕೆ, ಬೆಟ್ಟದೊಳಕ್ಕೆ ಸರಿಯತೊಡಗಿತ್ತು ಎಂಬುದನ್ನು ನೆನಪಿಟ್ಟುಕೊಂಡು ಈ ಮೆಟ್ಟಿಲುಗಳನ್ನು ಇಳಿದರೆ, ಗಡಿಯಲ್ಲಿ ಉಳಿದವರ ಮನಸ್ಥಿತಿ ಅರ್ಥವಾಗುತ್ತದೆ. ನಕ್ಷೆಯ ಮೇಲೆ ರೇಖೆ ಹಿಂದೆ ಸರಿದರೂ ಇವರ ಕೋಟೆ ಇದ್ದಲ್ಲೇ ಇತ್ತು. ಗೋಟ್ಹಾರ್ಡಿನ ವೈಭವದ ಎದುರು ಪ್ರವಾಸಿಗರು ಮರೆಯುವ ಈ ಕೋಟೆಯನ್ನು ನಾನು ಫ್ಯೂರಿಗನ್ ನಂತರದ ಸ್ಥಾನದಲ್ಲಿಡುತ್ತೇನೆ.

ಇನ್ನು ಒಟ್ಟಾಗಿ ಎಲ್ಲ ಕಡೆಯೂ ನನಗೆ ಕಂಡ ಒಂದು ದೊಡ್ಡ ಕೊರತೆಯ ಬಗ್ಗೆ ಹೇಳಲೇಬೇಕು. ಹಿಟ್ಲರನನ್ನು ತಡೆದದ್ದು ಈ ಕೋಟೆಗಳೇ ಎಂಬ ನಂಬಿಕೆ ಯುದ್ಧಾನಂತರದ ತಲೆಮಾರುಗಳಲ್ಲಿ ಬಲವಾಗಿ ಬೇರೂರಿತ್ತು. ಆದರೆ ಸರ್ಕಾರವೇ 1996ರಲ್ಲಿ ನೇಮಿಸಿದ, ಬೆರ್ಜಿಯೆ ಆಯೋಗವೆಂದು ಹೆಸರಾದ ತಜ್ಞರ ಸಮಿತಿ 2002ರಲ್ಲಿ ಕೊಟ್ಟ ಅಂತಿಮ ವರದಿ, ಯುದ್ಧಕಾಲದಲ್ಲಿ ಜರ್ಮನಿಯೊಂದಿಗೆ ನಡೆದ ಚಿನ್ನದ ವ್ಯವಹಾರ, ಆಯುಧ ಮಾರಾಟ, ಆಲ್ಪ್ಸ್ ಮೂಲಕ ಹಾದುಹೋದ ಸರಕು ಸಾಗಣೆ ಮುಂತಾದವನ್ನೂ, ಗಡಿಯಲ್ಲಿ ತಡೆದು ಹಿಂದಕ್ಕೆ ಕಳುಹಿಸಿದ ಸಾವಿರಾರು ನಿರಾಶ್ರಿತರ ಕಥೆಯನ್ನೂ ದಾಖಲೆಗಳ ಸಮೇತ ಬಿಚ್ಚಿಟ್ಟಿತು. ಸಿಡಿಸಲು ಸಿದ್ಧವಾಗಿದ್ದ ಅದೇ ಗೋಟ್ಹಾರ್ಡ್ ಸುರಂಗದಲ್ಲಿ ಜರ್ಮನಿಯ ಕಲ್ಲಿದ್ದಲು ಇಟಲಿಗೆ ಹೋಗುತ್ತಲೇ ಇತ್ತು. ಇದರಿಂದ ಕೋಟೆಯೊಳಗೆ ಚಳಿಯಲ್ಲಿ ಕಾದವರ ತ್ಯಾಗ ಕಿರಿದಾಗುವುದಿಲ್ಲ. ಆದರೆ ಫಿರಂಗಿಯ ಪಕ್ಕದಲ್ಲಿ ಆ ಸರಕು ರೈಲಿನ ಲೆಕ್ಕಪತ್ರವೊಂದನ್ನೂ ಇಟ್ಟಿದ್ದರೆ, ಗಡಿಯಿಂದ ವಾಪಸು ಹೋದ ಒಂದು ಕುಟುಂಬದ ಕಥೆಯನ್ನೂ ಹೇಳಿದ್ದರೆ, ನೋಡುಗನಿಗೆ ಪೂರ್ತಿಯಾದ ಸತ್ಯ ಸಿಗುತ್ತಿತ್ತು. ಒಂದು ಕೋಟೆಯಲ್ಲಿ ಈ ಬಗ್ಗೆ ಕೇಳಿದಾಗ ಮಾರ್ಗದರ್ಶಕರು ಮಾತು ತೇಲಿಸಿ ಮುಂದಿನ ಕೋಣೆಗೆ ನಡೆದುಬಿಟ್ಟರು. ಇನ್ನೊಂದರಲ್ಲಿ, ಅಲ್ಲಿಯೇ ಯೌವನದಲ್ಲಿ ಸೇವೆ ಸಲ್ಲಿಸಿದ್ದ ಹಿರಿಯರೊಬ್ಬರು ಕೈದೀಪವನ್ನು ಕೆಳಗಿಳಿಸಿ ನಿಂತು, ತಮ್ಮ ತಂದೆಯ ಕಾಲದವರು ಏನು ನಂಬಿದ್ದರು, ತಾವು ವರದಿ ಓದಿದ ಮೇಲೆ ಏನು ಬದಲಾಯಿತು ಎಂದು ಸಮಾಧಾನವಾಗಿ ವಿವರಿಸಿದರು. ಅವರ ಆ ಮಾತುಗಳಿಗಾಗಿಯೇ ಟಿಕೆಟ್ಟಿನ ಹಣ ಸಾರ್ಥಕವಾಯಿತೆನ್ನಬೇಕು.

ಮದ್ದಿನ ಅಪಾಯದ ಬಗ್ಗೆಯೂ ಸಂಗ್ರಹಾಲಯಗಳು ಇನ್ನಷ್ಟು ಹೇಳಬೇಕು. 1946ರ ಮೇ 28ರಂದು ದೈಯಿ ಕೋಟೆಯ ಮದ್ದಿನ ಉಗ್ರಾಣಗಳು ಸಿಡಿದು ಹತ್ತು ಮಂದಿ ಕೆಲಸಗಾರರು ಸತ್ತರು. 1947ರ ಡಿಸೆಂಬರಿನಲ್ಲಿ, ಬೆರ್ನ್ ಪ್ರಾಂತ್ಯದ ಮಿಟ್‌ಹೋಲ್ಜ್ ಹಳ್ಳಿಯ ಪಕ್ಕದ ಬಂಡೆಯೊಳಗೆ ಇಟ್ಟಿದ್ದ ಸುಮಾರು 7,000 ಟನ್ ಮದ್ದುಗುಂಡಿನಲ್ಲಿ ಅರ್ಧದಷ್ಟು ಸಿಡಿದು ಒಂಬತ್ತು ಜನ ಬಲಿಯಾದರು. ಉಳಿದದ್ದು ಕುಸಿದ ಬಂಡೆಯ ಅಡಿಯಲ್ಲಿ ಇಂದಿಗೂ ಇದೆ. ಅದನ್ನು ತೆಗೆಯುವ ಕೆಲಸಕ್ಕೆಂದು ಹಳ್ಳಿಯವರು ಹಲವು ವರ್ಷಗಳ ಕಾಲ ಮನೆ ಬಿಟ್ಟು ಹೋಗಬೇಕಾಗಿದೆ. ಬೆಟ್ಟವನ್ನು ನಂಬಿ ಅದರ ಒಡಲಲ್ಲಿ ತುಂಬಿಟ್ಟದ್ದು ತಮ್ಮವರನ್ನೇ ಮನೆಯಿಂದ ಎಬ್ಬಿಸುವಂತಾದದ್ದನ್ನು ಕೋಟೆಗಳ ಕಥೆಯಿಂದ ಬೇರ್ಪಡಿಸಿ ಹೇಳುವುದು ನ್ಯಾಯವಲ್ಲ.

ಸೌಕರ್ಯಗಳ ವಿಷಯಕ್ಕೆ ಬರುತ್ತೇನೆ. ಹೊರಗೆ ಎಂಥ ಬಿಸಿಲಿದ್ದರೂ ಸುರಂಗದೊಳಗೆ ಹತ್ತು ಡಿಗ್ರಿಯ ಆಸುಪಾಸಿನ ತಂಪು, ಜೊತೆಗೆ ತೇವ. ಸ್ವೆಟರ್, ಜಾರದ ಬೂಟು ಇಲ್ಲದೆ ಹೋಗಬಾರದು. ಗೋಟ್ಹಾರ್ಡ್ ಕಣಿವೆದಾರಿ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತದೆ, ಆದ್ದರಿಂದ ಸಾಸ್ಸೊ ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ತೆರೆದಿರುತ್ತದೆ. 2016ರಲ್ಲಿ 57 ಕಿಲೋಮೀಟರಿನ ಹೊಸ ರೈಲು ಸುರಂಗ ತೆರೆದ ಮೇಲೆ ವೇಗದ ರೈಲುಗಳು ಬೆಟ್ಟ ಹತ್ತುವುದೇ ಇಲ್ಲ. ಹಳೆಯ ಹಳಿಯ ನಿಧಾನದ ರೈಲಿನಲ್ಲಿ ಐರೋಲೊಗೋ, ಬೇರೆ ಮಾರ್ಗವಾಗಿ ಆಂಡರ್‌ಮಾಟ್‌ಗೋ ಬಂದು, ಅಲ್ಲಿಂದ ಹಳದಿ ಬಣ್ಣದ ಅಂಚೆ ಬಸ್ಸು ಹಿಡಿಯಬೇಕು. ಸಂಘಗಳ ಸ್ವಯಂಸೇವಕರು ನಡೆಸುವ ಚಿಕ್ಕ ಕೋಟೆಗಳು ವಾರದಲ್ಲಿ ಅಥವಾ ತಿಂಗಳಲ್ಲಿ ಕೆಲವೇ ದಿನ ತೆರೆಯುತ್ತವೆ. ಬಾಗಿಲವರೆಗೆ ಹೋಗಿ ಹಿಂತಿರುಗುವ ಬದಲು ದಿನ ವಿಚಾರಿಸಿಕೊಂಡೇ ಹೊರಡುವುದು ಲೇಸು.

ಭಾಷೆಯ ವಿಷಯದಲ್ಲಿ ಕಷ್ಟವಿದೆ. ಫಲಕಗಳಲ್ಲಿ ಪ್ರದೇಶಕ್ಕೆ ತಕ್ಕಂತೆ ಜರ್ಮನ್, ಫ್ರೆಂಚ್ ಅಥವಾ ಇಟಾಲಿಯನ್ ಮುಂದಾಗಿರುತ್ತದೆ. ಇಂಗ್ಲಿಷ್ ವಿವರಣೆ ದೊಡ್ಡ ಸಂಗ್ರಹಾಲಯಗಳಲ್ಲಿ ತೃಪ್ತಿಕರ, ಚಿಕ್ಕವುಗಳಲ್ಲಿ ಸಾಲದು. ಮಾರ್ಗದರ್ಶಕರು ಇಂಗ್ಲಿಷ್ ಬಲ್ಲವರಾಗಿದ್ದರೂ ಗುಂಪಿನ ಬಹುಮಂದಿಯ ಭಾಷೆಯಲ್ಲಿಯೇ ಮಾತಾಡುವುದು ಸಹಜ. ಮುಂಚೆಯೇ ಕೇಳಿಕೊಂಡರೆ ನಡುನಡುವೆ ನಮಗಾಗಿ ವಿವರಿಸುತ್ತಾರೆ. ಮಂಡಿನೋವಿನವರಿಗೆ, ಇಕ್ಕಟ್ಟಾದ ಜಾಗದಲ್ಲಿ ಗಾಬರಿಯಾಗುವವರಿಗೆ ಹಲವು ಕೋಟೆಗಳು ಒಗ್ಗುವುದಿಲ್ಲ. ಮೆಟ್ಟಿಲುಗಳು ಕಡಿದು, ಹಿಡಿಗಂಬಿಗಳು ತಣ್ಣಗೆ, ನಡುದಾರಿಯಲ್ಲಿ ಹಿಂದಿರುಗಲು ಅವಕಾಶ ಕಡಿಮೆ. ಮಕ್ಕಳು ಸಾಮಾನ್ಯವಾಗಿ ಇಂಥ ಜಾಗಗಳನ್ನು ಇಷ್ಟಪಡುತ್ತಾರೆ, ಆದರೆ ಫಿರಂಗಿಯ ಮೇಲೆ ಹತ್ತಿ ಚಿತ್ರ ತೆಗೆಸಿಕೊಳ್ಳುವುದಷ್ಟೇ ಭೇಟಿಯ ಉದ್ದೇಶವಾಗದಂತೆ ದೊಡ್ಡವರು ಜೊತೆಗೆ ನಿಂತು ವಿವರಿಸಬೇಕು. ಕೆಲವು ಕಡೆ ಸೈನಿಕರ ಉಡುಪು ತೊಡಿಸಿದ ಗೊಂಬೆಗಳನ್ನು ನಿಲ್ಲಿಸಿರುವುದು ನನಗೆ ರುಚಿಸಲಿಲ್ಲ. ಖಾಲಿ ಹಾಸಿಗೆಗಳ ಸಾಲು ಅವುಗಳಿಗಿಂತ ಹೆಚ್ಚು ಹೇಳುತ್ತದೆ.

ಒಂದೇ ದಿನವಿದ್ದು ಲುತ್ಸೆರ್ನ್‌ನಲ್ಲಿ ತಂಗಿರುವವರು ಫ್ಯೂರಿಗನ್ ತೆರೆದಿರುವ ದಿನ ನೋಡಿಕೊಂಡು ಮೊದಲು ಅಲ್ಲಿಗೇ ಹೋಗಲಿ, ಮತ್ತು ಉಳಿದ ಹೊತ್ತಿನಲ್ಲಿ ಹಡಗು ಹತ್ತಿ ರ‍್ಯೂಟ್ಲಿಯ ಹುಲ್ಲುಗಾವಲಿನಲ್ಲಿ ಇಳಿಯಲಿ. ಗೀಸಾನ್ ಅಧಿಕಾರಿಗಳನ್ನು ಕರೆದೊಯ್ದ ಆವಿಹಡಗು ಆ ಸರೋವರದಲ್ಲಿ ಇಂದಿಗೂ ಸಂಚರಿಸುತ್ತದೆ. ಜಿನೀವಾ ಕಡೆಯಲ್ಲಿರುವವರಿಗೆ ಸಾಂ-ಮೋರೀಸ್ ಗುಹೆ ಮತ್ತು ಸಿಂದೆ ಒಂದು ದಿನಕ್ಕೆ ಸರಿಹೋಗುತ್ತವೆ. ಟೋಬ್ಲರೋನ್ ಸಾಲಿನ ನಡಿಗೆಗೆ ಇನ್ನೊಂದು ದಿನ ಬೇಕು. ಬೇಸಿಗೆಯಲ್ಲಿ ಎರಡು ದಿನ ಬಿಡುವಿದ್ದವರು ಐರೋಲೊದಲ್ಲಿ ತಂಗಿ, ಮೊದಲ ದಿನ ಊರಿನ ಕಲ್ಲುಕೋಟೆಯನ್ನೂ ಮರುದಿನ ಸಾಸ್ಸೊವನ್ನೂ ನೋಡಿ, ಇಳಿಯುವಾಗ ಬಸ್ಸಿನ ಬದಲು ತ್ರೆಮೊಲಾದ ಕಲ್ಲು ಹಾಸಿನ ಹಳೆಯ ತಿರುವು ರಸ್ತೆಯಲ್ಲಿ ನಡೆದು ಬರುವುದು ಉತ್ತಮ. ಆ ಕೋಟೆಗಳು ಕಾಯುತ್ತಿದ್ದ ದಾರಿ ಎಂಥದ್ದೆಂದು ಕಾಲಿಗೇ ಗೊತ್ತಾಗುತ್ತದೆ.